ಅಳಲು ಕೇಳುವವರಿಗೂ ದಣಿವಾಗುತ್ತದೆ

"ಕುರ್ಚಿಯಲ್ಲಿ ಕುಳಿತು ಇನ್ನೊಬ್ಬರ ಮಾತು ಕೇಳುವ ಕೆಲಸ. ಭಾರ ಹೊರುವುದಿಲ್ಲ, ಬಿಸಿಲಿಗೆ ಹೋಗುವುದಿಲ್ಲ. ಇದರಲ್ಲಿ ದಣಿಯುವುದಕ್ಕೆ ಏನುಂಟು?" ಆಪ್ತ ಸಮಾಲೋಚಕರ ಬಗ್ಗೆ ಹೀಗೆ ಕೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸಂಜೆ ಕೆಲಸದಿಂದ ಬಂದು ಯಾರೊಡನೆಯೂ ಮಾತನಾಡದೆ ಕುಳಿತುಬಿಡುವ ಮಗಳನ್ನೋ ಸೊಸೆಯನ್ನೋ ಕಂಡಾಗ ಮನೆಯವರಿಗೂ ಇದೇ ಪ್ರಶ್ನೆ ಹುಟ್ಟುವುದುಂಟು. ಆದರೆ ಕೇಳುವುದೂ ಒಂದು ದುಡಿಮೆ. ಆ ದುಡಿಮೆಗೆ ಅದರದೇ ಆದ ಆಯಾಸವಿದೆ. ಅದನ್ನು ಗುರುತಿಸದೆ ಬಿಟ್ಟರೆ ನಷ್ಟವಾಗುವುದು ಸಮಾಲೋಚಕರಿಗೆ ಮಾತ್ರವಲ್ಲ, ಅವರನ್ನು ನಂಬಿ ಬಂದವರಿಗೂ ಹೌದು.

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಹಿಂದೆ ಮನೆಯ ಹಿರಿಯರು, ನೆರೆಮನೆಯವರು, ಶಾಲೆಯ ಮಾಸ್ತರರು ಇದ್ದರು. ಈಗಲೂ ಇದ್ದಾರೆ. ಆದರೆ ಮಕ್ಕಳು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ನೆಲೆಸಿ, ಊರಿನ ದೊಡ್ಡ ಮನೆಗಳಲ್ಲಿ ವೃದ್ಧರಿಬ್ಬರೇ ಉಳಿದಿರುವ ಈ ಕಾಲದಲ್ಲಿ, ತರಬೇತಿ ಪಡೆದು ಕೇಳುವವರ ಅಗತ್ಯ ಹೆಚ್ಚಾಗಿದೆ. 1997ರಲ್ಲಿ ರೂಪುಗೊಂಡ ಉಡುಪಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸುಮಾರು 11.77 ಲಕ್ಷ ಜನರಿದ್ದರು. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಮದ್ಯವ್ಯಸನ ಬಿಡಿಸುವ ಶಿಬಿರಗಳಿಗೆ ಹೆಸರಾದ ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇವುಗಳಿಂದಾಗಿ ಮನಸ್ಸಿನ ಆರೋಗ್ಯದ ಮಟ್ಟಿಗೆ ನಮ್ಮ ಜಿಲ್ಲೆ ಎಷ್ಟೋ ಜಿಲ್ಲೆಗಳಿಗಿಂತ ಅನುಕೂಲವಾಗಿದೆ. ತಾಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರ ಸೇವೆ ಸಿಗಬೇಕೆಂದು ರಾಜ್ಯದಲ್ಲಿ 'ಮನೋಚೈತನ್ಯ' ಎಂಬ ಮಂಗಳವಾರದ ಚಿಕಿತ್ಸಾ ಕಾರ್ಯಕ್ರಮವೂ ರೂಪುಗೊಂಡಿತು.

ಆದರೂ ಹೊರೆ ದೊಡ್ಡದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಿಗೆ ಅನುಗುಣವಾಗಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವೈದ್ಯರು ಕಡಿಮೆ ಇರುವಲ್ಲಿ ಕೇಳುವ ಕೆಲಸದ ಹೆಚ್ಚಿನ ಪಾಲು ಆಪ್ತ ಸಮಾಲೋಚಕರ ಹೆಗಲಿಗೆ ಬೀಳುತ್ತದೆ.

ಒಂದು ದಿನದ ಕೆಲಸ

ಒಬ್ಬ ಸಮಾಲೋಚಕಿಯ ಒಂದು ದಿನವನ್ನು ಊಹಿಸಿಕೊಳ್ಳೋಣ. ಬೆಳಿಗ್ಗೆ ಮೊದಲಿಗೆ ಬರುವವನು ಮಣಿಪಾಲದ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ. ಎರಡು ಸೆಮಿಸ್ಟರ್‌ಗಳಲ್ಲಿ ಫೇಲಾಗಿದ್ದಾನೆ. ಸಾಲ ಮಾಡಿ ಓದಿಸುತ್ತಿರುವ ಅಪ್ಪನಿಗೆ ಹೇಳಲು ಧೈರ್ಯವಿಲ್ಲ. ಅನಂತರ ಕಾಪು ಕಡೆಯ ಗೃಹಿಣಿ. ಬೋಟಿಗೆ ಹೋಗುವ ಗಂಡ ಶಿಬಿರ ಮುಗಿಸಿ ಆರು ತಿಂಗಳು ಕುಡಿಯದೆ ಇದ್ದವನು, ಮತ್ತೆ ಶುರು ಮಾಡಿದ್ದಾನೆ. "ಮೇಡಂ, ಇನ್ನು ನನ್ನಿಂದಾಗುವುದಿಲ್ಲ" ಎಂದು ಆಕೆ ಅಳುತ್ತಾಳೆ. ಮಧ್ಯಾಹ್ನ ಕಾರ್ಕಳದಿಂದ ಬಂದ ದಂಪತಿ, ಪ್ರಾಯಕ್ಕೆ ಬಂದ ಮಗನನ್ನು ಕಳೆದುಕೊಂಡವರು. ಅವರು ಮಾತೇ ಆಡುವುದಿಲ್ಲ, ಮುಕ್ಕಾಲು ಗಂಟೆ ಸುಮ್ಮನೆ ಕುಳಿತಿರುತ್ತಾರೆ. ಸಂಜೆಗೆ ಒಬ್ಬಳು ಪುಟ್ಟ ಹುಡುಗಿ. ಯಾರಿಗೂ ಹೇಳಕೂಡದೆಂದು ಬೆದರಿಸಿದ್ದ ಸಂಗತಿಯನ್ನು ಮೊದಲ ಸಲ ಬಾಯಿಬಿಟ್ಟು ಹೇಳುತ್ತಾಳೆ.

ಇಷ್ಟು ಮುಗಿಸಿ ಸಮಾಲೋಚಕಿ ಬಸ್ಸು ಹತ್ತುತ್ತಾಳೆ. ಮನೆಯಲ್ಲಿ "ಇವತ್ತು ಏನಾಯಿತು?" ಎಂದು ಕೇಳಿದರೆ ಹೇಳುವಂತಿಲ್ಲ. ಬಂದವರ ಗುಟ್ಟು ಕಾಯುವುದು ಈ ವೃತ್ತಿಯ ಮೊದಲ ನಿಯಮ. ಚಿಕಿತ್ಸೆ ಪಡೆಯುವವರ ವಿವರ ಗೌಪ್ಯವಾಗಿರಬೇಕೆಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಹಕ್ಕೆಂದು ಹೇಳಿದೆ. ಗದ್ದೆಯಲ್ಲಿ ದುಡಿದವರು ಮನೆಗೆ ಬಂದು ಕೆಲಸದ ಕಷ್ಟ ಹೇಳಿಕೊಂಡು ಹಗುರವಾಗಬಹುದು. ಸಮಾಲೋಚಕರಿಗೆ ಆ ದಾರಿ ಮುಚ್ಚಿದೆ.

ಪರಾನುಭೂತಿ ಎಂದರೇನು?

ಇಲ್ಲಿ ಮೂರು ಪದಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. "ಅಯ್ಯೋ ಪಾಪ" ಎಂದು ಹೊರಗಿನಿಂದ ನೋಡಿ ನೊಂದುಕೊಳ್ಳುವುದು ಮರುಕ. ಇನ್ನೊಬ್ಬರ ಜಾಗದಲ್ಲಿ ನಿಂತು ಅವರಿಗೆ ಏನಾಗುತ್ತಿದೆ ಎಂಬುದನ್ನು ತಿಳಿಯುವುದು ಪರಾನುಭೂತಿ. ಅವರ ಕಷ್ಟ ಕಡಿಮೆಯಾಗಲಿ ಎಂಬ ಹಾರೈಕೆ ಮತ್ತು ಅದಕ್ಕಾಗಿ ಏನಾದರೂ ಮಾಡುವ ಮನಸ್ಸು ಕರುಣೆ.

ಸಮಾಲೋಚನೆಗೆ ಪರಾನುಭೂತಿಯೇ ಬುನಾದಿ ಎಂದು ಒತ್ತಿ ಹೇಳಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. 1957ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಬಂದವರ ನೋವನ್ನು ಅದು ತನ್ನದೇ 'ಎಂಬಂತೆ' ಅರಿಯಬೇಕು, ಆದರೆ ಆ 'ಎಂಬಂತೆ' ಎನ್ನುವುದು ಎಂದೂ ಕಳೆದುಹೋಗಬಾರದು ಎಂಬುದು ಅವರ ಮಾತಿನ ಸಾರ. ಬಾವಿಗೆ ಬಿದ್ದವರನ್ನು ಎತ್ತಲು ಬಗ್ಗಲೇಬೇಕು. ಆದರೆ ಬಗ್ಗುವವನ ಕಾಲು ದಂಡೆಯ ಮೇಲೆ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಬಾವಿಯಲ್ಲಿ ಇಬ್ಬರಾಗುತ್ತಾರೆ.

ನಮ್ಮ ಭಾಷೆಯಲ್ಲಿ 'ಅನುಕಂಪ' ಎಂಬ ಇನ್ನೊಂದು ಪದವಿದೆ. ಅನು ಎಂದರೆ ಜೊತೆಗೆ, ಕಂಪ ಎಂದರೆ ನಡುಕ. ಇನ್ನೊಬ್ಬರು ನಡುಗುವಾಗ ತಾನೂ ನಡುಗುವುದು ಅನುಕಂಪ. ದಿನಕ್ಕೆ ನಾಲ್ಕೈದು ಸಲ, ವರ್ಷಗಟ್ಟಲೆ ಹೀಗೆ ಜೊತೆಗೆ ನಡುಗಿದ ಮನಸ್ಸು ಒಂದು ದಿನ ಸೋಲುತ್ತದೆ. ಇದನ್ನೇ 'ಅನುಕಂಪದ ದಣಿವು' ಎನ್ನಬಹುದು.

ಹೆಸರು ಬಂದ ಬಗೆ

ಇಂಗ್ಲಿಷಿನಲ್ಲಿ 'ಕಂಪ್ಯಾಶನ್ ಫಟೀಗ್' ಎನ್ನುವ ಈ ಮಾತನ್ನು ಆರೈಕೆಯ ವೃತ್ತಿಗಳ ಸಂದರ್ಭದಲ್ಲಿ 1992ರಲ್ಲಿ ಕಾರ್ಲಾ ಜಾಯ್ನ್‌ಸನ್ ಎಂಬ ಲೇಖಕಿ ದಾದಿಯರ ಪತ್ರಿಕೆಯೊಂದರಲ್ಲಿ ಬಳಸಿದರು. ರೋಗಿಗಳನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದ ದಾದಿಯರೇ ಕ್ರಮೇಣ ನಿರ್ಭಾವದವರಾಗುವುದನ್ನು ಅವರು ವಿವರಿಸಿದ್ದರು. 1995ರಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿ ಸಂಪಾದಿಸಿದ ಗ್ರಂಥ ಈ ವಿಷಯಕ್ಕೆ ಶಾಸ್ತ್ರೀಯ ರೂಪ ಕೊಟ್ಟಿತು. ಆಘಾತಕ್ಕೆ ಒಳಗಾದವರ ಕಥೆ ಕೇಳಿ ಕೇಳಿ, ಆಘಾತದ ಕೆಲವು ಲಕ್ಷಣಗಳು ಕೇಳುವವರಲ್ಲೂ ಕಾಣಿಸಿಕೊಳ್ಳುತ್ತವೆ ಎಂಬುದು ಫಿಗ್ಲಿಯವರ ವಿವರಣೆ.

ಇದನ್ನು 'ಬರ್ನ್ ಔಟ್' ಎಂಬ ವೃತ್ತಿ ಬಳಲಿಕೆಯೊಡನೆ ಬೆರೆಸುವುದುಂಟು. ಬರ್ನ್ ಔಟ್ ಬಗ್ಗೆ 1974ರಲ್ಲಿ ಬರೆದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಅದು ಕೆಲಸದ ಹೊರೆ, ಮೇಲಿನವರ ಕಿರುಕುಳ, ಕಡಿಮೆ ಸಂಬಳ ಮುಂತಾದವುಗಳಿಂದ ನಿಧಾನವಾಗಿ ಬರುವಂಥದ್ದು. ಬ್ಯಾಂಕಿನವರಿಗೂ ಬರಬಹುದು, ಬಸ್ ಚಾಲಕರಿಗೂ ಬರಬಹುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದು ಕಾಯಿಲೆಯಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸ್ಪಷ್ಟಪಡಿಸಿತು. ಅನುಕಂಪದ ದಣಿವಾದರೋ ನೋವಿನಲ್ಲಿರುವವರ ಸಂಪರ್ಕದಿಂದಲೇ ಬರುವಂಥದ್ದು. ಕೆಲವೊಮ್ಮೆ ಒಂದೇ ಒಂದು ಪ್ರಕರಣದಿಂದ ದಿಢೀರನೆ ಬರಬಹುದು. ಒಬ್ಬರಲ್ಲೇ ಎರಡೂ ಇರುವುದು ಅಪರೂಪವಲ್ಲ.

ಲಕ್ಷಣಗಳೇನು?

ಶರೀರದಲ್ಲಿ: ನಿದ್ದೆ ಬಾರದಿರುವುದು, ಕೇಳಿದ ಸಂಗತಿಗಳು ಕನಸಿನಲ್ಲಿ ಬರುವುದು, ತಲೆನೋವು, ಕುತ್ತಿಗೆ ಮತ್ತು ಭುಜದ ಬಿಗಿತ, ಹೊಟ್ಟೆಯ ತೊಂದರೆ, ರಜೆಯಲ್ಲೂ ಹೋಗದ ಆಯಾಸ.

ಮನಸ್ಸಿನಲ್ಲಿ: ಸಣ್ಣ ಮಾತಿಗೂ ಸಿಟ್ಟು, ಅಕಾರಣ ಅಳು, ಅಥವಾ ಇದಕ್ಕೆ ವಿರುದ್ಧವಾಗಿ ಯಾವುದೂ ಮನಸ್ಸಿಗೆ ನಾಟದಂಥ ಜಡತೆ. ಮಗಳು ಬಸ್ಸಿನಿಂದ ಇಳಿಯುವುದು ಹತ್ತು ನಿಮಿಷ ತಡವಾದರೆ ಕೆಟ್ಟದ್ದೇ ಆಗಿದೆ ಎಂಬ ಭಯ. "ಲೋಕದಲ್ಲಿ ಯಾರನ್ನೂ ನಂಬುವಂತಿಲ್ಲ" ಎಂಬ ಭಾವನೆ.

ಕೆಲಸದಲ್ಲಿ: ನಿರ್ದಿಷ್ಟ ವ್ಯಕ್ತಿ ಇವತ್ತು ಬಾರದಿದ್ದರೆ ಸಾಕು ಎನಿಸುವುದು, ಗಡಿಯಾರ ನೋಡುತ್ತಾ ಕೇಳುವುದು, ಮಾತು ಮುಗಿಯುವ ಮೊದಲೇ ಬುದ್ಧಿವಾದ ಹೇಳಿ ಕಳಿಸಿಬಿಡುವುದು. "ಇವರೆಲ್ಲ ಇಷ್ಟೇ, ಎಷ್ಟು ಹೇಳಿದರೂ ಕುಡಿಯುತ್ತಾರೆ" ಎಂಬ ತಾತ್ಸಾರ. ಇದರ ಇನ್ನೊಂದು ತುದಿಯೂ ಇದೆ. ಎಲ್ಲರನ್ನೂ ತಾನೇ ಉಳಿಸಬೇಕೆಂದು ರಾತ್ರಿ ಹನ್ನೊಂದಕ್ಕೂ ಫೋನು ತೆಗೆಯುವುದು, ಕೈಯಿಂದ ಹಣ ಕೊಡುವುದು.

ಇವು ಒಬ್ಬರ ಸ್ವಭಾವದ ದೋಷವಲ್ಲ. ಕಲ್ಲುಮನಸ್ಸಿನವರಿಗೆ ಈ ದಣಿವು ಬರುವುದಿಲ್ಲ, ಕೇಳುವ ಶಕ್ತಿ ಇದ್ದವರಿಗೇ ಬರುತ್ತದೆ. ಆದರೆ ಇದರ ಪರಿಣಾಮವನ್ನು ಮಾತ್ರ ಬಂದವರು ಅನುಭವಿಸಬೇಕಾಗುತ್ತದೆ. ಎರಡು ತಿಂಗಳು ಧೈರ್ಯ ಒಟ್ಟುಗೂಡಿಸಿ ಬಂದ ಆ ವಿದ್ಯಾರ್ಥಿಗೆ ದಣಿದ ಸಮಾಲೋಚಕಿ "ಚೆನ್ನಾಗಿ ಓದಪ್ಪ, ಎಲ್ಲ ಸರಿಹೋಗುತ್ತದೆ" ಎಂದಷ್ಟೇ ಹೇಳಿ ಕಳಿಸಿದರೆ, ಆತ ಇನ್ನೊಮ್ಮೆ ಯಾರ ಬಾಗಿಲನ್ನೂ ತಟ್ಟಲಾರ. ಈ ವಿಷಯವನ್ನು ಸಾರ್ವಜನಿಕರು ತಿಳಿದಿರಬೇಕಾದುದು ಇದೇ ಕಾರಣಕ್ಕೆ.

ಯಾರಿಗೆ ಹೆಚ್ಚು?

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಆತ್ಮಹತ್ಯೆ, ದೌರ್ಜನ್ಯ, ಸಾವಿನಂಥ ಪ್ರಕರಣಗಳನ್ನೇ ನಿತ್ಯ ನೋಡುವವರಿಗೆ, ತಾವೂ ಹಿಂದೆ ಅಂಥದೇ ನೋವು ಉಂಡವರಿಗೆ ಮತ್ತು ಒಬ್ಬಂಟಿಯಾಗಿ ಕೆಲಸ ಮಾಡುವವರಿಗೆ ಅಪಾಯ ಹೆಚ್ಚು. ದೊಡ್ಡ ಆಸ್ಪತ್ರೆಯಲ್ಲಿ ಪಕ್ಕದ ಕೋಣೆಯಲ್ಲಿ ಹಿರಿಯರು ಇರುತ್ತಾರೆ. ಸಣ್ಣ ಊರಿನ ಕೇಂದ್ರದಲ್ಲಿ ಸಮಾಲೋಚಕಿ ಒಬ್ಬಳೇ.

ನಮ್ಮಂಥ ಊರುಗಳಲ್ಲಿ ಇನ್ನೊಂದು ತೊಡಕಿದೆ. ಮಹಾನಗರದಲ್ಲಿ ಕಷ್ಟ ಹೇಳಿಕೊಂಡು ಹೋದವರು ಮತ್ತೆ ರಸ್ತೆಯಲ್ಲಿ ಎದುರಾಗುವುದಿಲ್ಲ. ಕಾಪು, ಕಾರ್ಕಳಗಳಲ್ಲಿ ಹಾಗಲ್ಲ. ಬೆಳಿಗ್ಗೆ ಕಣ್ಣೀರಿಟ್ಟವರು ಸಂಜೆ ಮೀನು ಮಾರುಕಟ್ಟೆಯಲ್ಲಿ, ಭಾನುವಾರದ ಮದುವೆಯಲ್ಲಿ, ಊರಿನ ನೇಮದಲ್ಲಿ ಎದುರಾಗುತ್ತಾರೆ. ಕೆಲವೊಮ್ಮೆ ಆಕೆ ದೂರುವ ಗಂಡನೇ ಪಕ್ಕದಲ್ಲಿ ನಗುತ್ತಾ ನಿಂತಿರುತ್ತಾನೆ. ಸಮಾಲೋಚಕಿ ಏನೂ ತಿಳಿಯದವರಂತೆ ಮಾತನಾಡಿಸಬೇಕು. ಕೆಲಸದ ವೇಳೆ ಮುಗಿದರೂ ಕೆಲಸ ಮುಗಿಯುವುದಿಲ್ಲ.

ಊರಿಗೇ ಬಂದ ಸಂಕಟದಲ್ಲಿ ಕೇಳುವವರೂ ಹೇಳುವವರೂ ಒಂದೇ ದೋಣಿಯಲ್ಲಿರುತ್ತಾರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ಕಾಲ ಇದ್ದಾರೆಂದೂ ಹೇಳಲಾಗದೆ, ಇಲ್ಲವೆಂದೂ ಹೇಳಲಾಗದೆ ಕಾದ ಮನೆಗಳ ಸಂಕಟಕ್ಕೆ ಸಾಂತ್ವನದ ಮಾತು ಯಾವುದು? 2020ರ ಮೇ ತಿಂಗಳಲ್ಲಿ ಕೊರೊನಾ ಕಾಲದಲ್ಲಿ ಮುಂಬಯಿಯಿಂದ ಊರಿಗೆ ಮರಳಿದ ಸಾವಿರಾರು ಮಂದಿ ಕ್ವಾರಂಟೈನ್‌ನಲ್ಲಿದ್ದಾಗ, ಅವರ ಭಯಕ್ಕೆ ಕಿವಿಗೊಡುವವರ ಮನೆಯಲ್ಲೂ ಅದೇ ಭಯವಿತ್ತು. ಇಂಥ ಹೊತ್ತಿನಲ್ಲಿ ರೋಜರ್ಸ್ ಹೇಳಿದ ಆ 'ಎಂಬಂತೆ' ಎನ್ನುವ ಅಂತರ ಉಳಿಸಿಕೊಳ್ಳುವುದು ಅತ್ಯಂತ ಕಷ್ಟ.

ಕರುಣೆ ದಣಿಸುವುದಿಲ್ಲ

ಹಾಗಾದರೆ ಮನಸ್ಸನ್ನು ಕಲ್ಲು ಮಾಡಿಕೊಳ್ಳುವುದೇ ಪರಿಹಾರವೆ? ಅಲ್ಲ ಎನ್ನುತ್ತದೆ ಇತ್ತೀಚಿನ ಸಂಶೋಧನೆ. ತಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಲ್ಗೊಂಡವರಿಗೆ ನೊಂದವರ ದೃಶ್ಯಗಳನ್ನು ತೋರಿಸಲಾಯಿತು. ಮೊದಲು ಆ ನೋವನ್ನು ತಾವೂ ಅನುಭವಿಸುವ ತರಬೇತಿ ಕೊಟ್ಟಾಗ ಅವರ ಸಂಕಟ ಹೆಚ್ಚಿತು. ಅನಂತರ ನೊಂದವರಿಗೆ ಒಳಿತಾಗಲಿ ಎಂದು ಹಾರೈಸುವ ಕರುಣೆಯ ತರಬೇತಿ ಕೊಟ್ಟಾಗ ಸಂಕಟ ಇಳಿಯಿತು, ಬೆಚ್ಚಗಿನ ಒಳ್ಳೆಯ ಭಾವನೆಗಳು ಹೆಚ್ಚಿದವು. ದೃಶ್ಯಗಳು ಮೊದಲಿನಷ್ಟೇ ನೋವಿನವು. ಆದರೆ ಎರಡು ಸಂದರ್ಭಗಳಲ್ಲೂ ಮೆದುಳಿನಲ್ಲಿ ಚುರುಕಾದ ಭಾಗಗಳು ಬೇರೆ ಬೇರೆಯಾಗಿದ್ದವು.

ಆದ್ದರಿಂದ ಇದನ್ನು ಕರುಣೆಯ ದಣಿವು ಎನ್ನುವುದೇ ತಪ್ಪು, ನೋವಿಗೆ ಜೊತೆಯಾಗಿ ತಾನೂ ನೋಯುವುದರ ದಣಿವು ಎನ್ನಬೇಕು ಎಂದು ಈ ಸಂಶೋಧಕರು ವಾದಿಸಿದ್ದಾರೆ. ಆ ದೃಷ್ಟಿಯಿಂದ ನಮ್ಮ 'ಅನುಕಂಪ' ಎಂಬ ಪದವೇ ಹೆಚ್ಚು ಸರಿ. ದಣಿಸುವುದು ಜೊತೆಗೆ ನಡುಗುವುದು, ಒಳಿತನ್ನು ಬಯಸುವುದಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಮನಸ್ಸಿನ ಪ್ರಸನ್ನತೆಗೆ ಹೇಳಿದ ನಾಲ್ಕು ಭಾವನೆಗಳಲ್ಲಿ ಮೈತ್ರಿ, ಕರುಣೆ, ಮುದಿತೆಗಳ ಜೊತೆ ಉಪೇಕ್ಷೆಯೂ ಇರುವುದು ಇಲ್ಲಿ ನೆನಪಾಗುತ್ತದೆ.

ಪರಿಹಾರವೇನು?

1. ಹಿರಿಯರ ಮಾರ್ಗದರ್ಶನ. 'ಸೂಪರ್‌ವಿಶನ್' ಎನ್ನುವ ಈ ವ್ಯವಸ್ಥೆಯಲ್ಲಿ ಸಮಾಲೋಚಕರು ಅನುಭವಿಗಳೊಬ್ಬರ ಬಳಿ ನಿಯಮಿತವಾಗಿ, ಬಂದವರ ಗುರುತು ಬಿಟ್ಟುಕೊಡದೆ, ಪ್ರಕರಣಗಳನ್ನು ಚರ್ಚಿಸುತ್ತಾರೆ. ಹೊರೆ ಇಳಿಸಲು ಅವರಿಗಿರುವ ಮುಖ್ಯ ದಾರಿ ಇದೇ. ಹತ್ತಿರ ಯಾರೂ ಇಲ್ಲದವರು ಫೋನಿನ ಮೂಲಕವಾದರೂ ಇದನ್ನು ಮಾಡಿಕೊಳ್ಳಬೇಕು.

2. ಪ್ರಕರಣಗಳ ಹಂಚಿಕೆ. ಸಾವು, ದೌರ್ಜನ್ಯದಂಥ ಕಠಿಣ ಪ್ರಕರಣಗಳೆಲ್ಲ ಒಂದೇ ದಿನ, ಒಬ್ಬರಿಗೇ ಬರದಂತೆ ನೋಡಿಕೊಳ್ಳುವುದು ಸಂಸ್ಥೆಯ ಕರ್ತವ್ಯ. ಇಬ್ಬರ ನಡುವೆ ಹತ್ತು ನಿಮಿಷ ಬಿಡುವು ಬೇಕು. ಎದ್ದು ಮುಖ ತೊಳೆದು, ನೀರು ಕುಡಿದು, ಕಿಟಕಿಯ ಹತ್ತಿರ ನಿಂತು ಉಸಿರಾಟ ನಿಧಾನ ಮಾಡಿಕೊಂಡರೆ ಹಿಂದಿನವರ ಕಥೆ ಮುಂದಿನವರ ಮೇಲೆ ಬೀಳುವುದಿಲ್ಲ.

3. ಕರುಣೆಯ ಅಭ್ಯಾಸ. ದಿನಕ್ಕೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಮೊದಲು ತನಗೆ, ಅನಂತರ ಪ್ರಿಯರಿಗೆ, ಆಮೇಲೆ ಅಪರಿಚಿತರಿಗೆ ಒಳಿತಾಗಲಿ ಎಂದು ಹಾರೈಸುವುದು. ತನ್ನಿಂದಲೇ ಆರಂಭಿಸಬೇಕೆಂಬುದನ್ನು ಮರೆಯಬಾರದು.

4. ಲೆಕ್ಕ ಇಡುವುದು. ಬೆತ್ ಹಡ್ನಾಲ್ ಸ್ಟ್ಯಾಮ್ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ 30 ಪ್ರಶ್ನೆಗಳ ಪಟ್ಟಿಯೊಂದರಿಂದ ಸಮಾಲೋಚಕರು ತಮ್ಮ ಸ್ಥಿತಿಯನ್ನು ತಾವೇ ಅಳೆದುಕೊಳ್ಳಬಹುದು. ಅದು ದಣಿವನ್ನು ಮಾತ್ರವಲ್ಲ, ನೆರವಾದುದರಿಂದ ಸಿಗುವ ಸಂತೃಪ್ತಿಯನ್ನೂ ಅಳೆಯುತ್ತದೆ. ಸಂತೃಪ್ತಿ ಇರುವಷ್ಟು ಕಾಲ ದಣಿವನ್ನು ತಡೆದುಕೊಳ್ಳುವ ಬಲವೂ ಇರುತ್ತದೆ.

5. ಸ್ವಂತ ಜೀವನ. ನಿದ್ದೆ, ಹೊತ್ತಿಗೆ ಸರಿಯಾದ ಊಟ, ನಡಿಗೆ, ಯಕ್ಷಗಾನವೋ ತೋಟದ ಕೆಲಸವೋ ಯಾವುದಾದರೊಂದು ಹವ್ಯಾಸ. ಕೆಲಸದ ಹೊತ್ತು ಮುಗಿದ ಮೇಲೆ ಫೋನು ಬಂದ್ ಮಾಡುವ ಹಕ್ಕು.

6. ತಾನೂ ಇನ್ನೊಬ್ಬರ ಬಳಿ ಹೋಗುವುದು. ಎರಡು ವಾರಕ್ಕೂ ಮೀರಿ ಬೇಸರ, ನಿದ್ರಾಹೀನತೆ ಮುಂದುವರಿದರೆ, ಬದುಕು ಬೇಡ ಎನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ವೈದ್ಯರಿಗೂ ಜ್ವರ ಬರುತ್ತದೆ. ಇದರಲ್ಲಿ ನಾಚಿಕೆಯ ಮಾತಿಲ್ಲ.

ಮನೆಯವರು ಏನು ಮಾಡಬಹುದು?

ಮನೆಯಲ್ಲಿ ಸಮಾಲೋಚಕರೋ, ದಾದಿಯೋ, ಸಮಾಜ ಕಾರ್ಯಕರ್ತೆಯೋ ಇದ್ದರೆ "ಏನಾಯಿತು, ಯಾರು ಬಂದಿದ್ದರು" ಎಂದು ಕೆದಕಬೇಡಿ. "ಇವತ್ತು ಕಷ್ಟದ ದಿನವೊ?" ಎಂದಷ್ಟೇ ಕೇಳಿದರೆ ಸಾಕು. ಬಂದ ಕೂಡಲೇ ಮನೆಯ ತಾಪತ್ರಯಗಳನ್ನು ಮುಂದಿಡದೆ ಅರ್ಧ ಗಂಟೆ ಬಿಡಿ. ನೆಂಟರಿಷ್ಟರು ಮದುವೆ ಮನೆಯಲ್ಲಿ ಅವರನ್ನು ಮೂಲೆಗೆ ಕರೆದು ತಮ್ಮ ಸಮಸ್ಯೆ ಹೇಳತೊಡಗಿದರೆ, "ಸೋಮವಾರ ಕೇಂದ್ರಕ್ಕೇ ಬನ್ನಿ" ಎಂದು ಅವರ ಪರವಾಗಿ ನೀವೇ ಹೇಳಿ.

ಸಂಬಳವಿಲ್ಲದೆ ಇದೇ ಕೆಲಸ ಮಾಡುವವರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಮರೆವಿನ ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳುವ ಸೊಸೆ, ಕ್ಯಾನ್ಸರ್ ಪೀಡಿತ ಗಂಡನ ಹೆಂಡತಿ, ಮಾನಸಿಕ ಕಾಯಿಲೆಯ ತಮ್ಮನನ್ನು ಸಂಭಾಳಿಸುವ ಅಕ್ಕ ಇವರಿಗೂ ಅನುಕಂಪದ ದಣಿವು ಬರುತ್ತದೆ. ಒಂದು ದಿನ ಸಿಟ್ಟಿನಿಂದ ರೇಗಿ, ಅನಂತರ ಪಶ್ಚಾತ್ತಾಪದಿಂದ ಅಳುವುದು ಇವರಲ್ಲಿ ಸಾಮಾನ್ಯ. ಅವರಿಗೆ ಬೇಕಾದುದು ಹೊಗಳಿಕೆಯಲ್ಲ, ಸರದಿ. ವಾರಕ್ಕೆ ಒಂದು ಮಧ್ಯಾಹ್ನ ಇನ್ನೊಬ್ಬರು ಆ ಕೆಲಸ ವಹಿಸಿಕೊಂಡು ಅವರನ್ನು ಹೊರಗೆ ಕಳುಹಿಸಿದರೆ, ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಹಾಯ ಬೇಕಾದವರಿಗೆ ಒಂದು ಮಾತು

ಇದನ್ನು ಓದಿ "ನನ್ನ ಕಷ್ಟ ಹೇಳಿ ಅವರಿಗೇಕೆ ತೊಂದರೆ ಕೊಡಲಿ" ಎಂದು ಯಾರೂ ಹಿಂಜರಿಯಬಾರದು. ನಿಮ್ಮ ನೋವನ್ನು ಕೇಳುವುದಕ್ಕೇ ಅವರು ತರಬೇತಿ ಪಡೆದಿರುತ್ತಾರೆ, ಅದರ ಭಾರ ಇಳಿಸಿಕೊಳ್ಳುವುದು ಅವರ ಮತ್ತು ಅವರ ಸಂಸ್ಥೆಯ ಜವಾಬ್ದಾರಿ. ಒಬ್ಬ ಸಮಾಲೋಚಕರು ಸರಿಯಾಗಿ ಕೇಳಲಿಲ್ಲ ಎನಿಸಿದರೆ ಅವರಿಗೇ ಹಾಗೆಂದು ಹೇಳಬಹುದು, ಇಲ್ಲವೇ ಬೇರೆಯವರನ್ನು ಕಾಣಬಹುದು. ಒಂದು ಸಲದ ಬೇಸರದಿಂದ ಪ್ರಯತ್ನವನ್ನೇ ಬಿಡಬೇಡಿ. ಹತ್ತಿರ ಯಾರೂ ಇಲ್ಲದಿದ್ದರೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಗೆ, 14416 ಸಂಖ್ಯೆಗೆ, ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನೀವು ಯಾರಿಂದಲಾದರೂ ಹೀಗೆ ಸಹಾಯ ಪಡೆದು ಚೇತರಿಸಿಕೊಂಡಿದ್ದರೆ, ಅವರಿಗೆ ಒಂದು ಮಾತು ತಿಳಿಸಿ. ಹಣ್ಣು ಹಂಪಲು ಬೇಡ, ಉಡುಗೊರೆ ಬೇಡ. ಕಷ್ಟದಲ್ಲಿರುವವರು ಅವರ ಬಳಿಗೆ ದಿನವೂ ಬರುತ್ತಾರೆ. ಕಷ್ಟ ನೀಗಿದವರು ತಿರುಗಿ ಬಂದು ಹೇಳುವುದು ಕಡಿಮೆ. "ಈಗ ಪರವಾಗಿಲ್ಲ, ಮೇಡಂ" ಎಂಬ ಒಂದು ಮಾತು ಅವರಿಗೆ ಇನ್ನಷ್ಟು ಮಂದಿಯ ಅಳಲನ್ನು ಕೇಳುವ ಶಕ್ತಿ ಕೊಡುತ್ತದೆ.